ಓತಿಗೂ ಜ್ವರ ಬರುತ್ತದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಹಲ್ಲಿ, ಓತಿ, ಹಾವುರಾಣಿ, ಉಡಗಳಿಗೆ ಮೀಸಲು. ಬಂದ ಪತ್ರಗಳಲ್ಲಿ ಬಾಲದ ಪ್ರಶ್ನೆಗಳೇ ಹೆಚ್ಚು. ಅವನ್ನು ಒಂದೇ ಉತ್ತರದಲ್ಲಿ ಸೇರಿಸಿದ್ದೇವೆ. ಮೈಬಿಸಿಯ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಉಳಿದ ಪ್ರಶ್ನೆಗಳಲ್ಲಿ ಬಹುಪಾಲು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ: ಓತಿಕ್ಯಾತ ಶೀತರಕ್ತ ಪ್ರಾಣಿ ಎಂದು ಓದಿದ್ದೇನೆ. ಆದರೆ ಮಧ್ಯಾಹ್ನ ಹಿಡಿದ ಓತಿಯ ಮೈ ನನ್ನ ಅಂಗೈಗಿಂತ ಬೆಚ್ಚಗಿತ್ತು. ಯಾವುದು ಸರಿ?

ನಿಮ್ಮ ಅಂಗೈ ಹೇಳಿದ್ದೇ ಸರಿ. ಓತಿಯ ರಕ್ತ ತಣ್ಣಗಿರಬೇಕೆಂದೇನೂ ಇಲ್ಲ. ನಮ್ಮ ಮೈಗೆ ಬಿಸಿ ಒಳಗಿನಿಂದ ಬರುತ್ತದೆ, ಅದರ ಮೈಗೆ ಹೊರಗಿನಿಂದ. ವ್ಯತ್ಯಾಸ ಅಷ್ಟೇ. ಬಯಲಿನಲ್ಲಿ, ಬಂಡೆಯ ಮೇಲೆ ಬದುಕುವ ಅನೇಕ ಹಗಲು ಓತಿಗಳು ಚುರುಕಾಗಿರುವ ಹೊತ್ತಿನಲ್ಲಿ ಮೈಬಿಸಿಯನ್ನು 33ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇಟ್ಟುಕೊಳ್ಳುತ್ತವೆ. ಉತ್ತರ ಅಮೆರಿಕದ ಮರುಭೂಮಿ ಇಗ್ವಾನ 40 ಡಿಗ್ರಿ ದಾಟಿದರೂ ಆರಾಮವಾಗಿ ಓಡಾಡುತ್ತದೆ. ನಮಗೆ ಅದು ಹಾಸಿಗೆ ಹಿಡಿಸುವ ಜ್ವರ.

ಇದನ್ನು ಅವು ಸಾಧಿಸುವ ಬಗೆಯನ್ನು ಒಂದು ಬೆಳಗ್ಗೆ ಕೂತು ನೋಡಿದರೆ ಗೊತ್ತಾಗುತ್ತದೆ. ಬಿಲದಿಂದ ಮೊದಲು ತಲೆ ಮಾತ್ರ ಹೊರಗೆ ಬರುತ್ತದೆ. ಆಮೇಲೆ ಮೈ ಪೂರ್ತಿ ಹೊರಗೆ ಬಂದು, ಪಕ್ಕೆಲುಬು ಅಗಲಿಸಿ ಚಪ್ಪಟೆಯಾಗಿ, ಬಿಸಿಲಿಗೆ ಅಡ್ಡಲಾಗಿ ಮಲಗುತ್ತದೆ. ಆ ಹೊತ್ತಿನಲ್ಲಿ ಚರ್ಮದ ಬಣ್ಣ ಕಪ್ಪಾಗಿರುತ್ತದೆ. ಮೈ ಕಾಯುತ್ತಿದ್ದಂತೆ ಬಣ್ಣ ತಿಳಿಯಾಗುತ್ತದೆ, ಮೈ ಸೂರ್ಯನ ಕಡೆಗೆ ತಿರುಗಿ ನೆರಳು ಸಣ್ಣದಾಗುತ್ತದೆ, ಕಾಲುಗಳು ನೆಟ್ಟಗಾಗಿ ಹೊಟ್ಟೆ ನೆಲ ಬಿಡುತ್ತದೆ. ಇನ್ನೂ ಬಿಸಿಯಾದರೆ ನೆರಳಿಗೆ ಹೋಗುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು ಕೊನೆಯ ಉಪಾಯ, ಏಕೆಂದರೆ ಅದರಲ್ಲಿ ನೀರು ಖರ್ಚಾಗುತ್ತದೆ.

ಈ ಪದ್ಧತಿಯ ಲಾಭ ದೊಡ್ಡದು. ಅಷ್ಟೇ ತೂಕದ ಸಸ್ತನಿಯ ಖರ್ಚಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ ಶಕ್ತಿಯಲ್ಲಿ ಓತಿಯ ಸಂಸಾರ ನಡೆಯುತ್ತದೆ. ಇಲಿಯೊಂದು ಒಂದು ದಿನ ತಿನ್ನುವುದರಲ್ಲಿ ಅದೇ ತೂಕದ ಓತಿ ವಾರಕ್ಕೂ ಮೀರಿ ಬದುಕಬಲ್ಲದು. ನಷ್ಟ ಏನೆಂದರೆ, ಬಿಸಿಲಿಲ್ಲದ ಹೊತ್ತಿನಲ್ಲಿ ಅದು ಬೇಟೆಗೂ ನಿಧಾನ, ಓಟಕ್ಕೂ ನಿಧಾನ, ತಿಂದದ್ದು ಜೀರ್ಣವಾಗುವುದೂ ನಿಧಾನ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗಾಗಿ ಕಾಡಿನ ಓತಿಗಳ ಮೈಬಿಸಿ ಅಳೆಯಬೇಕು. ಇನ್ಫ್ರಾರೆಡ್ ಗನ್ ಇದೆ. ಅದನ್ನೇ ದೂರದಿಂದ ಹಿಡಿದರೆ ಸಾಲದೇ? ಗಾಳಿಯ ಉಷ್ಣಾಂಶದ ಜೊತೆ ಹೋಲಿಸಿದರೆ ಓತಿ ಮೈಬಿಸಿ ನಿಯಂತ್ರಿಸುತ್ತದೋ ಇಲ್ಲವೋ ಗೊತ್ತಾಗುತ್ತದಲ್ಲವೇ?

ಎರಡಕ್ಕೂ ಉತ್ತರ ಇಲ್ಲ ಎಂದೇ. ಮೊದಲು ಗನ್ ವಿಷಯ. ಅದರ ಮೇಲೆ 12:1 ಎಂದು ಬರೆದಿದ್ದರೆ, 60 ಸೆಂಟಿಮೀಟರ್ ದೂರದಿಂದ ಅದು ನೋಡುವುದು 5 ಸೆಂಟಿಮೀಟರ್ ಅಗಲದ ವೃತ್ತವನ್ನು. ಓತಿಯ ಬೆನ್ನಿನ ಅಗಲ 2 ಸೆಂಟಿಮೀಟರ್ ಇದ್ದರೆ ಪರದೆಯ ಮೇಲೆ ಬರುವ ಅಂಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂಡೆಯದ್ದೇ. ಕೆಂಪು ಲೇಸರ್ ಚುಕ್ಕಿ ಗುರಿ ತೋರಿಸಲು ಮಾತ್ರ ಇದೆ. ಅಳತೆಯ ವೃತ್ತ ಅದಕ್ಕಿಂತ ಎಷ್ಟೋ ದೊಡ್ಡದು. ಹತ್ತಿರ ಹೋಗಲು ಓತಿ ಬಿಟ್ಟಿತೆಂದೇ ಇಟ್ಟುಕೊಳ್ಳಿ, ಆಗಲೂ ಸಿಗುವುದು ಚರ್ಮದ ಬಿಸಿ. ಆಗ ತಾನೇ ಬಿಸಿಲಿಗೆ ಬಂದ ಪ್ರಾಣಿಯಲ್ಲಿ ಚರ್ಮಕ್ಕೂ ಒಡಲಿಗೂ ಹಲವು ಡಿಗ್ರಿ ಅಂತರವಿರಬಹುದು.

ಒಡಲ ಬಿಸಿ ಬೇಕೆಂದರೆ ಪ್ರಾಣಿಯನ್ನು ಹಿಡಿಯಲೇಬೇಕು. ಬಹುತೇಕ ಕಡೆ ಇದಕ್ಕೆ ವನ್ಯಜೀವಿ ಇಲಾಖೆಯ ಅನುಮತಿ ಬೇಕು. ಅದಿಲ್ಲದೆ ಮುಂದಿನದ್ದನ್ನು ಓದಿ, ಮಾಡಬೇಡಿ. ರೂಢಿಯ ವಿಧಾನ ಕುಣಿಕೆ ಕೋಲು. ಎರಡೂವರೆ ಮೂರು ಮೀಟರ್ ಉದ್ದದ ಮೀನುಗಾಳದ ಕೋಲಿನ ತುದಿಗೆ ಮೇಣ ಸವರಿದ ಹಲ್ಲುನೂಲಿನಿಂದ (ಡೆಂಟಲ್ ಫ್ಲಾಸ್) ಜಾರುಗಂಟಿನ ಕುಣಿಕೆ ಕಟ್ಟಿ. ಕುಣಿಕೆಯ ಅಗಲ ತಲೆಯ ಅಗಲಕ್ಕೆ ಸುಮಾರು ಎರಡರಷ್ಟಿರಲಿ. ಮೇಣವಿಲ್ಲದ ನೂಲು ಗಾಳಿಗೆ ಮುಚ್ಚಿಕೊಳ್ಳುತ್ತದೆ. ನೇರವಾಗಿ ನಡೆದು ಹೋಗಬೇಡಿ, ಓರೆಯಾಗಿ, ನಿಂತು ನಿಂತು ಹೋಗಿ. ಕಣ್ಣ ಮುಂದಿನ ನೂಲಿಗಿಂತ ಹತ್ತಿರ ಬರುವ ಮನುಷ್ಯನೇ ಓತಿಗೆ ಹೆಚ್ಚಿನ ಭಯ. ಕುಣಿಕೆ ಮೂತಿಯ ಕಡೆಯಿಂದ ಕುತ್ತಿಗೆಗೆ ಇಳಿದ ಕೂಡಲೇ ಮೇಲೆತ್ತಿ, ಇನ್ನೊಂದು ಕೈಯಿಂದ ಮೈಗೆ ಆಸರೆ ಕೊಟ್ಟು ಕುಣಿಕೆ ಬಿಡಿಸಿ. ಹಲ್ಲಿಗಳ ಚರ್ಮ ತೀರಾ ಮೆದು, ಉಡದ ಮೈ ತೀರಾ ಭಾರ. ಇವೆರಡಕ್ಕೂ ಕುಣಿಕೆ ಬಳಸಬಾರದು.

ಮುಂದಿನ ಕೆಲಸಕ್ಕಿರುವ ಸಮಯ 10ರಿಂದ 20 ಸೆಕೆಂಡ್. ಬಿಸಿ ಅಳೆಯುವ, ಮೊದಲೇ ಚಾಲೂ ಮಾಡಿಟ್ಟ ತೆಳು ಥರ್ಮೊಕಪಲ್ ತಂತಿಯ ತುದಿಗೆ ಸ್ವಲ್ಪ ನೀರು ಸವರಿ, ಬಾಲದ ಬುಡದ ಕೆಳಗಿನ ದ್ವಾರದೊಳಗೆ ಕೆಲವೇ ಮಿಲಿಮೀಟರ್ ತೂರಿಸಿ. ಅಂಕಿ ನಿಂತ ಕೂಡಲೇ ಬರೆದುಕೊಳ್ಳಿ. ಪ್ರಾಣಿಯನ್ನು ನಿಮ್ಮ ಮೈಯ ನೆರಳಿನಲ್ಲಿ, ಹಿಂಗಾಲಿನ ಬಳಿ ಎರಡು ಬೆರಳಿನಲ್ಲಷ್ಟೇ ಹಿಡಿದಿರಿ. ಅಂಗೈಯಲ್ಲಿ ಮುಚ್ಚಿ ಹಿಡಿದ 10 ಗ್ರಾಂ ಓತಿ ಒಂದೇ ನಿಮಿಷದಲ್ಲಿ ನಿಮ್ಮ ಬಿಸಿಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ನೀವು ಅಳೆಯುವುದು ನಿಮ್ಮನ್ನೇ. ಅಟ್ಟಿಸಿಕೊಂಡು ಹೋಗಿ ಹಿಡಿದ ಪ್ರಾಣಿಯ ಅಳತೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಓಡುವಾಗ ಅದು ಬಿಸಿಲು ನೆರಳು ದಾಟಿರುತ್ತದೆ. ಆಮೇಲೆ ಮೂತಿಯಿಂದ ಆ ದ್ವಾರದವರೆಗಿನ ಉದ್ದ, ತೂಕ, ಗಂಡೋ ಹೆಣ್ಣೋ, ಮೊದಲು ಕಂಡಾಗ ಬಿಸಿಲಿನಲ್ಲಿತ್ತೋ ನೆರಳಿನಲ್ಲಿತ್ತೋ, ಗಂಟೆ, ಕೂತ ಜಾಗದ ಬಿಸಿ, ನೆರಳಿನಲ್ಲಿ ಹಿಡಿದ ಗಾಳಿಯ ಬಿಸಿ ಬರೆದುಕೊಂಡು ಹಿಡಿದ ಜಾಗದಲ್ಲೇ ಬಿಡಿ. ಅದೇ ಜಾಗ ಎಂದರೆ ಅದೇ ಬಂಡೆ. ಹತ್ತಾರು ಮೀಟರ್ ಆಚೆ ಬಿಟ್ಟರೆ ಇನ್ನೊಂದರ ಗಡಿಯೊಳಗೆ ನೂಕಿದಂತೆ.

ಈಗ ಹೋಲಿಕೆಯ ವಿಷಯ. ಗಾಳಿ 28 ಡಿಗ್ರಿ, ಓತಿ 35 ಡಿಗ್ರಿ ಎಂದ ಮಾತ್ರಕ್ಕೆ ಓತಿ ಏನನ್ನೋ ನಿಯಂತ್ರಿಸುತ್ತಿದೆ ಎಂದಾಗುವುದಿಲ್ಲ. ಬಿಸಿಲಲ್ಲಿಟ್ಟ ಕಲ್ಲೂ ಗಾಳಿಗಿಂತ ಬಿಸಿಯಾಗಿರುತ್ತದೆ. ಏನೂ ಮಾಡದೆ ಸುಮ್ಮನೆ ಬಿದ್ದಿದ್ದರೆ ಓತಿಯ ಮೈ ಎಷ್ಟು ಬಿಸಿಯಾಗುತ್ತಿತ್ತು ಎಂಬುದು ಗೊತ್ತಿರಬೇಕು. ಅದಕ್ಕೆ ತಾಮ್ರದ ಓತಿ ಬೇಕು. ನಿಮ್ಮ ಓತಿಯ ಗಾತ್ರದ ಟೊಳ್ಳು ತಾಮ್ರದ ಕೊಳವೆ ತೆಗೆದುಕೊಂಡು ಎರಡೂ ತುದಿ ಮುಚ್ಚಿ, ನಡುವೆ ಉಷ್ಣಾಂಶ ದಾಖಲಿಸುವ ಲಾಗರಿನ ತಂತಿ ಇಳಿಸಿ, ಓತಿಯ ಚರ್ಮದಷ್ಟೇ ಬೆಳಕು ಹೀರುವ ಬಣ್ಣ ಬಳಿಯಿರಿ. ಸಾಮಾನ್ಯವಾಗಿ ತಪ್ಪುವುದು ಮೂರು ಕಡೆ. ಕಪ್ಪು ಬಣ್ಣ ಬಳಿದರೆ ಮಾದರಿ ಅತಿಯಾಗಿ ಕಾಯುತ್ತದೆ. ತುದಿ ಸರಿಯಾಗಿ ಮುಚ್ಚದಿದ್ದರೆ ಒಳಗೆ ಗಾಳಿ ಆಡುತ್ತದೆ. ಒಳಗೆ ನೀರು ತುಂಬಿದರೆ ನಿಧಾನವಾಗಿ ಕಾಯುವುದರಿಂದ ಮೋಡ ಬಿಸಿಲಿನ ಏರಿಳಿತವೇ ಕಾಣುವುದಿಲ್ಲ. ಹೊರಗಿಡುವ ಮೊದಲು ದೀಪದ ಕೆಳಗೆ ನಿಜವಾದ ಓತಿಯ ಪಕ್ಕ ಇಟ್ಟು ಎರಡೂ ಒಟ್ಟಿಗೆ ಕಾಯುತ್ತವೆಯೇ ನೋಡಿ. ಒಂದು ಡಿಗ್ರಿಯ ಒಳಗಿನ ವ್ಯತ್ಯಾಸ ನಡೆದೀತು. ಹೊರಗೆ ಇಡುವಾಗ ಓತಿ ಇಷ್ಟಪಡುವ ಜಾಗವನ್ನು ನೀವು ಆರಿಸಬೇಡಿ. ಬಿಸಿಲು, ನೆರಳು, ಬುಡ, ಕೊಂಬೆ ಎಲ್ಲ ಕಡೆ ಚೀಟಿ ಎತ್ತಿದಂತೆ ಹರಡಿ.

ಲೆಕ್ಕ ಸುಲಭ. 1993ರಲ್ಲಿ ಹರ್ಟ್ಜ್, ಹ್ಯೂಯಿ ಮತ್ತು ಸ್ಟೀವನ್ಸನ್ ಕೊಟ್ಟ ಸೂತ್ರವೇ ಇವತ್ತಿಗೂ ಬಳಕೆಯಲ್ಲಿದೆ. ಒಂದು ತುದಿ ತಂಪು, ಇನ್ನೊಂದು ತುದಿ ಬಿಸಿ ಇರುವ ಪೆಟ್ಟಿಗೆಯಲ್ಲಿ ಓತಿ ತಾನಾಗಿ ಆರಿಸಿಕೊಂಡ ಮೈಬಿಸಿಗಳ ನಡುವಿನ ಅರ್ಧಭಾಗ 33–36 ಡಿಗ್ರಿ ಬಂತೆನ್ನಿ. ಈ ವ್ಯಾಪ್ತಿಯಿಂದ ಎಷ್ಟು ಡಿಗ್ರಿ ಆಚೆಯೋ ಅದೇ ದೋಷ. ಕಾಡಿನಲ್ಲಿ 32 ಡಿಗ್ರಿ ಇದ್ದ ಓತಿಯ ದೋಷ 1, 37.5 ಇದ್ದರೆ 1.5, ವ್ಯಾಪ್ತಿಯೊಳಗಿದ್ದರೆ ಸೊನ್ನೆ. ತಾಮ್ರದ ಓತಿಗಳಿಗೂ ಹೀಗೆಯೇ ದೋಷ ತೆಗೆಯಿರಿ. ಓತಿಗಳ ಸರಾಸರಿ ದೋಷ 1.2, ತಾಮ್ರದ್ದು 6 ಬಂದರೆ, 1.2ನ್ನು 6ರಿಂದ ಭಾಗಿಸಿ ಬಂದ 0.2ನ್ನು ಒಂದರಿಂದ ಕಳೆಯಿರಿ. ಉತ್ತರ 0.8, ಅಂದರೆ ನಿಮ್ಮ ಓತಿ ಶ್ರಮಪಟ್ಟು ನಿಯಂತ್ರಿಸುತ್ತಿದೆ. ಸೊನ್ನೆಯ ಹತ್ತಿರ ಬಂದರೆ ಪರಿಸರ ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಿದೆ. ಇಲ್ಲೊಂದು ಬಲೆಯಿದೆ. ದಟ್ಟ ಕಾಡಿನ ನೆರಳಿನಲ್ಲಿ ತಾಮ್ರದ ದೋಷವೇ 1.5 ಇದ್ದರೆ, ಅದೇ 1.2 ದೋಷದ ಓತಿಗೆ ಸಿಗುವುದು ಬರೀ 0.2. ಅದು ಸೋಮಾರಿಯಲ್ಲ, ಅಲ್ಲಿ ಮಾಡಬೇಕಾದ ಕೆಲಸವೇ ಕಡಿಮೆ. ಹಾಗಾಗಿ ವರದಿಯಲ್ಲಿ ಈ ಅಂಕಿಯ ಜೊತೆ ತಾಮ್ರದ ದೋಷಕ್ಕೂ ಓತಿಯ ದೋಷಕ್ಕೂ ಇರುವ ವ್ಯತ್ಯಾಸವನ್ನೂ ಕೊಡಿ: ಮೊದಲನೆಯದಕ್ಕೆ 4.8, ಎರಡನೆಯದಕ್ಕೆ 0.3.

ಪ್ರಶ್ನೆ: ಓತಿಗೂ ಜ್ವರ ಬರುತ್ತದೆಯೇ?

ಬರುವುದಿಲ್ಲ, ತರಿಸಿಕೊಳ್ಳುತ್ತದೆ. 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿ ಇಗ್ವಾನಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿಸಿ, ಒಂದೊಂದು ಗುಂಪನ್ನು ಒಂದೊಂದು ಉಷ್ಣಾಂಶದಲ್ಲಿಟ್ಟರು. 34, 36 ಡಿಗ್ರಿಯಲ್ಲಿದ್ದವು ಹೆಚ್ಚು ಸತ್ತವು, 40, 42ರಲ್ಲಿದ್ದವು ಹೆಚ್ಚು ಉಳಿದವು. ಆಯ್ಕೆಯ ಅವಕಾಶ ಕೊಟ್ಟರೆ ಸೋಂಕಿತ ಇಗ್ವಾನ ತಾನಾಗಿಯೇ ಹೆಚ್ಚು ಬಿಸಿಯ ಜಾಗಕ್ಕೆ ಹೋಗಿ ಮೈಬಿಸಿಯನ್ನು ಒಂದೆರಡು ಡಿಗ್ರಿ ಏರಿಸಿಕೊಳ್ಳುತ್ತದೆ. ಮರುವರ್ಷದ ಪ್ರಯೋಗದಲ್ಲಿ ಆಸ್ಪಿರಿನ್ನಿನ ಬಳಗಕ್ಕೆ ಸೇರಿದ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟಾಗ, ಮೈಬಿಸಿ ಏರಿಸಿಕೊಳ್ಳದೆ ಹೋದವು ಸತ್ತವು. ಜ್ವರ ರೋಗವಲ್ಲ, ರೋಗದ ವಿರುದ್ಧದ ಉಪಾಯ ಎಂಬ ಮಾತಿಗೆ ಬಲ ಬಂದದ್ದು ಈ ಪ್ರಾಣಿಯಿಂದ.

ಪ್ರಶ್ನೆ: ಹಲ್ಲಿಯ ಬಾಲ ಬಿದ್ದ ಮೇಲೂ ಕುಣಿಯುವುದೇಕೆ? ಮತ್ತೆ ಬಂದ ಬಾಲ ಮೊದಲಿನಂತೆಯೇ ಇರುತ್ತದೆಯೇ? ಓತಿಕ್ಯಾತದ ಬಾಲವೂ ಬೆಳೆಯುತ್ತದೆಯೇ?

ಹಲ್ಲಿಯ ಬಾಲ ಮುರಿಯುವುದು ಎರಡು ಮೂಳೆಮಣಿಗಳ ನಡುವೆ ಅಲ್ಲ, ಒಂದೇ ಮಣಿಯ ಮಧ್ಯದಲ್ಲಿ. ಅಲ್ಲಿ ಹುಟ್ಟಿನಿಂದಲೇ ಒಂದು ಬಿರುಕುರೇಖೆ ಇರುತ್ತದೆ. ಸುತ್ತಲಿನ ಸ್ನಾಯುಗಳೂ ಕೊಬ್ಬೂ ಚರ್ಮವೂ ಅದೇ ರೇಖೆಗೆ ಹೊಂದಿಕೊಂಡು ಭಾಗವಾಗಿರುತ್ತವೆ. ಹಲ್ಲಿ ಸ್ನಾಯುಗಳನ್ನು ಬಿಗಿಹಿಡಿದಾಗ ಮಣಿ ಸೀಳುತ್ತದೆ, ರಕ್ತನಾಳದ ಬಾಯಿ ತಕ್ಷಣ ಬಿಗಿದುಕೊಳ್ಳುತ್ತದೆ. ಅದಕ್ಕೇ ರಕ್ತ ಕಾಣುವುದೇ ಅಪರೂಪ. ಬಿದ್ದ ತುಂಡಿನಲ್ಲಿ ಬೆನ್ನುಹುರಿಯ ಭಾಗವಿದ್ದು, ಮೆದುಳಿನ ಆಜ್ಞೆಯಿಲ್ಲದೆಯೇ ಅದು ಸ್ನಾಯುಗಳನ್ನು ಕುಣಿಸುತ್ತದೆ. ಆಮ್ಲಜನಕ ಬರುವ ದಾರಿ ಕಡಿದಿರುವುದರಿಂದ ಸ್ನಾಯುವಿನಲ್ಲಿದ್ದ ದಾಸ್ತಾನು ತೀರುವವರೆಗೆ ಕೆಲವು ನಿಮಿಷ ಈ ಆಟ ನಡೆಯುತ್ತದೆ.

ಮತ್ತೆ ಬರುವ ಬಾಲದೊಳಗೆ ಮಣಿಗಳಿಲ್ಲ, ಉದ್ದಕ್ಕೆ ಒಂದೇ ಮೃದ್ವಸ್ಥಿಯ ಕೊಳವೆ. ಬಿರುಕುರೇಖೆಯೂ ಇಲ್ಲ. ಹಾಗಾಗಿ ಮುಂದಿನ ಸಲ ಮುರಿಯುವುದು ಹಳೆಯ ಬಾಲ ಉಳಿದಿರುವ ಕಡೆಯಲ್ಲಿ, ಅಂದರೆ ಇನ್ನೂ ಬುಡಕ್ಕೆ ಹತ್ತಿರ. ಹುರುಪೆಗಳ ಸಾಲು ಬದಲಾಗಿರುತ್ತದೆ, ಬಣ್ಣದ ಪಟ್ಟೆ ಅಲ್ಲಿಗೇ ನಿಂತಿರುತ್ತದೆ. ಗಮನವಿಟ್ಟು ನೋಡಿದರೆ ಕೈಗೆ ತೆಗೆದುಕೊಳ್ಳದೆಯೇ ಹೊಸ ಬಾಲ ಗುರುತಿಸಬಹುದು. ಕೊಬ್ಬಿನ ಉಗ್ರಾಣವೇ ಬಾಲವಾದ ಪ್ರಭೇದಗಳಲ್ಲಿ ನಷ್ಟ ಹೆಚ್ಚು. ಕೆಲವು ಹಾವುರಾಣಿಗಳು ಅಪಾಯ ಕಳೆದ ಮೇಲೆ ಮರಳಿ ಬಂದು ತಮ್ಮ ಬಾಲವನ್ನು ತಾವೇ ತಿನ್ನುತ್ತವೆ.

ಓತಿಕ್ಯಾತ, ಗೋಸುಂಬೆ, ಉಡ ಇವಕ್ಕೆ ಈ ಏರ್ಪಾಡಿಲ್ಲ. ಮುರಿದರೆ ಮುರಿದಂತೆಯೇ, ಮೊಂಡಾಗಿ ವಾಸಿಯಾಗುತ್ತದೆ. ಎಣಿಕೆ ಮಾಡುವವರಿಗೆ ಒಂದು ಮಾತು: ಒಂದು ಜಾಗದಲ್ಲಿ ಬಾಲ ಮುರಿದವು ಹೆಚ್ಚಿದ್ದರೆ ಅಲ್ಲಿ ಶತ್ರುಗಳು ಹೆಚ್ಚೆಂದು ತೀರ್ಮಾನಿಸಬೇಡಿ. ನಿಪುಣ ಬೇಟೆಗಾರರಿರುವ ಕಡೆ ಬಾಲ ಬಿಟ್ಟು ಪಾರಾಗುವ ಹಲ್ಲಿಯೇ ಉಳಿಯುವುದಿಲ್ಲ.

ಪ್ರಶ್ನೆ: ಓತಿ ರಭಸದಿಂದ ಓಡಿ ಥಟ್ಟನೆ ನಿಂತುಬಿಡುತ್ತದೆ, ಮತ್ತೆ ಓಡುತ್ತದೆ. ದಣಿವೋ, ಎಚ್ಚರಿಕೆಯೋ?

ಎರಡೂ ಇರಬಹುದು, ಆದರೆ ಉಸಿರಾಟದ ತೊಡಕೂ ಇದೆ. ಓತಿ ಓಡುವಾಗ ಮೈ ಎಡಕ್ಕೂ ಬಲಕ್ಕೂ ಬಾಗುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳಿಗೆ ಮೈ ಬಾಗಿಸುವ ಕೆಲಸವೂ ಇದೆ, ಎದೆ ಹಿಗ್ಗಿಸುವ ಕೆಲಸವೂ ಇದೆ. ಎರಡನ್ನೂ ಒಟ್ಟಿಗೆ ಮಾಡಲಾಗದು. 1987ರಲ್ಲಿ ಡೇವಿಡ್ ಕ್ಯಾರಿಯರ್ ಇದನ್ನು ಅಳೆದು ತೋರಿಸಿದರು: ವೇಗ ಹೆಚ್ಚಿದಷ್ಟೂ ಒಳಹೋಗುವ ಗಾಳಿ ಕಡಿಮೆ. ಹಾಗಾಗಿ ವೇಗದ ಓಟವೆಲ್ಲ ಆಮ್ಲಜನಕದ ಸಾಲದ ಮೇಲೆಯೇ. ಒಂದೆರಡು ನಿಮಿಷ ಬೆನ್ನಟ್ಟಿದರೆ ಬಹುತೇಕ ಓತಿಗಳು ಸುಸ್ತಾಗಿ ನಿಲ್ಲುತ್ತವೆ. ಸ್ನಾಯುಗಳಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲ ಕರಗಲು ಗಂಟೆಯೇ ಬೇಕಾಗಬಹುದು. ಅಷ್ಟು ಹೊತ್ತು ಅದು ಯಾರ ಬಾಯಿಗಾದರೂ ಸುಲಭದ ತುತ್ತು. ಫೋಟೋಗಾಗಿ ಓತಿಯನ್ನು ಅಟ್ಟಾಡಿಸುವವರು ಇದನ್ನು ನೆನಪಿಡಬೇಕು.

ಉಡ ಮಾತ್ರ ಈ ತೊಡಕಿಗೆ ದಾರಿ ಕಂಡುಕೊಂಡಿದೆ. ನಡೆಯುವಾಗ ಗಂಟಲು ಉಬ್ಬಿಸಿ ಇಳಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ಒತ್ತುತ್ತದೆ. 1999ರಲ್ಲಿ ಪ್ರಕಟವಾದ ಎಕ್ಸ್-ರೇ ಪ್ರಯೋಗದಲ್ಲಿ ಬಾಯಿ ಮುಚ್ಚದಂತೆ ತಡೆದು ಗಂಟಲ ಪಂಪನ್ನು ನಿಲ್ಲಿಸಿದಾಗ, ಓಡುವ ಉಡದ ಉಸಿರೂ ಬೇರೆ ಹಲ್ಲಿಗಳಂತೆಯೇ ಕುಗ್ಗಿತು. ದೂರದೂರ ನಡೆದು ಬೇಟೆ ಹುಡುಕುವ ಉಡದ ಬದುಕಿನ ಹಿಂದೆ ಈ ಗಂಟಲಿದೆ.

ಪ್ರಶ್ನೆ: ಗಂಡು ಓತಿಗಳು ದಂಡ ಹೊಡೆಯುವುದು, ಬಣ್ಣ ಬದಲಿಸುವುದು ಯಾರಿಗೆ ತೋರಿಸಲು?

ಹೆಣ್ಣಿಗೂ, ಎದುರಾಳಿಗೂ, ಕೆಲವೊಮ್ಮೆ ಶತ್ರುವಿಗೂ. ಶತ್ರುವಿಗಾದರೆ, ನಿನ್ನನ್ನು ನೋಡಿಯಾಗಿದೆ, ಅಟ್ಟಿ ಪ್ರಯೋಜನವಿಲ್ಲ ಎಂಬ ಸೂಚನೆ ಅದು. ದಕ್ಷಿಣ ಭಾರತದ ಬಂಡೆಗಳ ಮೇಲಿನ ಬಂಡೆ ಓತಿಯ ಗಂಡು ಹೆಣ್ಣಿನ ಮುಂದೆ ತೋರಿಸುವ ಬಣ್ಣವೇ ಬೇರೆ, ಗಂಡಿನ ಮುಂದೆ ತೋರಿಸುವುದೇ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದಂತೆ, ಒಲಿಸುವಾಗ ಬಣ್ಣಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಜಗಳದಲ್ಲಿ ಬಣ್ಣ ಬದಲಾಗುವ ವೇಗವೇ ಮುಖ್ಯ. ಗೋಸುಂಬೆಯ ಬಣ್ಣವೂ ಹಿನ್ನೆಲೆಗೆ ತಕ್ಕಂತೆ ಮನಬಂದಂತೆ ಬದಲಾಗುವುದಿಲ್ಲ. ಚರ್ಮದ ಕೋಶಗಳಲ್ಲಿರುವ ಗ್ವಾನೀನ್ ಹರಳುಗಳ ನಡುವಿನ ಅಂತರ ಹಿಗ್ಗಿದಾಗ ಹಸಿರಿದ್ದದ್ದು ಹಳದಿ, ಕಿತ್ತಳೆಯತ್ತ ತಿರುಗುತ್ತದೆ. ಬಣ್ಣ ಹೆಚ್ಚಾಗಿ ಹೇಳುವುದು ಅದರ ಮನಸ್ಥಿತಿಯನ್ನು, ಮೈಬಿಸಿಯನ್ನು.

ಪ್ರಶ್ನೆ: ಭೂಮಿ ಬಿಸಿಯಾದರೆ ಬಿಸಿಲು ಬೇಡುವ ಓತಿಗಳಿಗೆ ಒಳ್ಳೆಯದೇ ಅಲ್ಲವೇ?

ತಂಪು ಪ್ರದೇಶದ ಕೆಲವಕ್ಕೆ ಒಳ್ಳೆಯದಾಗಬಹುದು. ಉಳಿದವಕ್ಕೆ ಅಲ್ಲ. ಓತಿ ಬಿಸಿಲಲ್ಲಿ ನೇರವಾಗಿ ಬೆಂದು ಸಾಯುವುದು ವಿರಳ, ನೆರಳಿಗೆ ಹೋಗುವಷ್ಟು ಬುದ್ಧಿ ಅದಕ್ಕಿದೆ. ಕೊಲ್ಲುವುದು ಆ ನೆರಳಿನಲ್ಲಿ ಕಳೆಯುವ ಗಂಟೆಗಳು. ಬಿಲದೊಳಗಿರುವಾಗ ಬೇಟೆಯಿಲ್ಲ. ಮೊಟ್ಟೆ, ಮರಿಗಳಿಗೆ ಕೊಬ್ಬು ಕೂಡಿಸಬೇಕಾದ ಋತುವಿನಲ್ಲೇ ದಿನಕ್ಕೆ ಕೆಲವು ಗಂಟೆ ಹೀಗೆ ಕಳೆದರೆ ಆ ವರ್ಷದ ಸಂತಾನ ಕಡಿಮೆಯಾಗುತ್ತದೆ. ಬ್ಯಾರಿ ಸಿನರ್ವೊ ಮತ್ತು ಸಂಗಡಿಗರು ಮೆಕ್ಸಿಕೋದಲ್ಲಿ 48 ಪ್ರಭೇದಗಳನ್ನು 200 ಜಾಗಗಳಲ್ಲಿ ಮತ್ತೆ ಹುಡುಕಿದಾಗ, 1975ರಿಂದೀಚೆಗೆ ಸ್ಥಳೀಯ ಸಮೂಹಗಳಲ್ಲಿ ಶೇಕಡಾ 12 ಅಳಿದುಹೋಗಿದ್ದವು. ಇದು 2010ರ ವರದಿ. ಆವಾಸ ಹಾಳಾಗದ ಕಡೆಯೂ ಹೀಗಾಗಿತ್ತು ಎಂಬುದೇ ಗಮನಿಸಬೇಕಾದ ಅಂಶ.

ಉಷ್ಣವಲಯದ ದಟ್ಟ ಕಾಡಿನೊಳಗಿನ ಓತಿಗಳ ಸ್ಥಿತಿ ಇನ್ನೂ ನಾಜೂಕು. ಅವು ಬಿಸಿಲು ಕಾಯುವುದೇ ಅಪರೂಪ, ನೆರಳಿನ ಬಿಸಿಯೇ ಅವುಗಳ ಮೈಬಿಸಿ. ನೆರಳೇ ಬಿಸಿಯಾದರೆ ಹೋಗಲು ಮತ್ತೊಂದು ನೆರಳಿಲ್ಲ.

ಪ್ರಶ್ನೆ: ಮಣ್ಣು ಅಗೆಯುವಾಗ ಬಿಳಿ ಮೊಟ್ಟೆಗಳು ಸಿಕ್ಕವು, ಚಿಪ್ಪು ಮೆತ್ತಗಿತ್ತು. ಏನು ಮಾಡಬೇಕಿತ್ತು? ಬಿಸಿ ಹೆಚ್ಚಾದರೆ ಎಲ್ಲ ಹೆಣ್ಣೇ ಆಗುತ್ತವೆ ಎನ್ನುವುದು ನಿಜವೇ?

ಮೆತ್ತಗಿನ ಚಿಪ್ಪಿನ ಮೊಟ್ಟೆ ಓತಿಯದ್ದೋ ಹಾವಿನದ್ದೋ ಇರಬಹುದು. ಯಾರದ್ದಾದರೂ ಕ್ರಮ ಒಂದೇ. ಸಿಕ್ಕಾಗ ಮೇಲ್ಮುಖವಾಗಿದ್ದ ಕಡೆಗೆ ಪೆನ್ಸಿಲ್ಲಿನಿಂದ ಚುಕ್ಕೆ ಇಡಿ, ತಿರುಗಿಸಬೇಡಿ. ಇಟ್ಟ ಒಂದೆರಡು ದಿನದಲ್ಲಿ ಭ್ರೂಣ ಚಿಪ್ಪಿನ ಒಳಬದಿಗೆ ಅಂಟಿಕೊಳ್ಳತೊಡಗುತ್ತದೆ, ಉರುಳಿಸಿದರೆ ಕಿತ್ತುಬರುವ ಭಯವಿದೆ. ಅದೇ ಆಳದಲ್ಲಿ, ಅದೇ ತೇವದ ಮಣ್ಣಿನಲ್ಲಿ, ಅದೇ ಭಂಗಿಯಲ್ಲಿ ಹೂತು ಮೇಲೆ ಸಡಿಲವಾಗಿ ಮಣ್ಣು ಹರಡಿ. ನೀರು ಸುರಿಯಬೇಡಿ. ಇಂಥ ಮೊಟ್ಟೆ ಮಣ್ಣಿನ ತೇವ ಹೀರಿ ದಿನದಿಂದ ದಿನಕ್ಕೆ ಉಬ್ಬುತ್ತದೆ. ಒಣ ಮಣ್ಣಿನಲ್ಲಿ ಗುಳಿ ಬೀಳುತ್ತದೆ, ಕೆಸರಿನಲ್ಲಿ ಉಸಿರುಗಟ್ಟುತ್ತದೆ. ಗೋಡೆಯ ಸಂದಿಯಲ್ಲಿ ಸಿಗುವ ಹಲ್ಲಿಯ ಗಟ್ಟಿ ಚಿಪ್ಪಿನ ಮೊಟ್ಟೆಗೆ ಈ ತೇವ ಬೇಡ. ಅಂಟಿಕೊಂಡಿದ್ದರೆ ಕೀಳಬೇಡಿ, ಒಡೆಯುತ್ತದೆ.

ಲಿಂಗದ ವಿಷಯಕ್ಕೆ ಒಂದೇ ನಿಯಮವಿಲ್ಲ. ಕೆಲವು ಪ್ರಭೇದಗಳಲ್ಲಿ ವರ್ಣತಂತು ನಿರ್ಧರಿಸುತ್ತದೆ, ಕೆಲವದರಲ್ಲಿ ಗೂಡಿನ ಬಿಸಿ. ಆಸ್ಟ್ರೇಲಿಯಾದ ಗಡ್ಡದ ಓತಿಯಲ್ಲಿ ಎರಡೂ ಇವೆ: ವರ್ಣತಂತುವಿನ ಪ್ರಕಾರ ಗಂಡಾಗಬೇಕಾದ ಮೊಟ್ಟೆ 32 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬೆಳೆದರೆ ಹೆಣ್ಣಾಗಬಹುದು. ಅಂಥ ಹೆಣ್ಣುಗಳು ಕಾಡಿನಲ್ಲೂ ಇವೆ, ಮೊಟ್ಟೆಯನ್ನೂ ಇಡುತ್ತವೆ ಎಂದು 2015ರಲ್ಲಿ ಖಚಿತವಾಯಿತು.

ಪ್ರಶ್ನೆ: ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆ ಏಕೆ?

ಅದು ಅದರ ಮೂತ್ರ. ಹಲ್ಲಿ ಸಾರಜನಕದ ಕಸವನ್ನು ನೀರಿನಲ್ಲಿ ಕರಗಿಸದೆ ಯೂರಿಕ್ ಆಮ್ಲದ ಪುಡಿಯಾಗಿ ಹೊರಹಾಕಿ ನೀರು ಉಳಿಸುತ್ತದೆ. ಎಡವಟ್ಟಿಲ್ಲದೆ ಗುರುತಿಸಲು ಇದೊಂದು ಕುರುಹು: ಒಂದು ತುದಿ ಕಪ್ಪು, ಇನ್ನೊಂದು ತುದಿ ಬಿಳಿ ಇದ್ದರೆ ಹಲ್ಲಿಯದ್ದು, ಪೂರ್ತಿ ಕಪ್ಪಾಗಿದ್ದರೆ ಇಲಿಯದ್ದೋ ಬಾವಲಿಯದ್ದೋ ಇರಬೇಕು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದೆ, ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯಿರಿ.